ಕ್ವಾರಿ ಬದಿಯ ಗೆರೆ

ಏಪ್ರಿಲ್ 6

ತಮ್ಮಾ,

ನೀನು ಕಳಿಸಿದ ಪೆಟ್ಟಿಗೆಗಳು ಬಂದವು. ನಲವತ್ತೆರಡು ಹಸುಗಳಿಗೆ ನಲವತ್ತೆರಡು ಕೊರಳಪಟ್ಟಿ, ಕೆಟ್ಟರೆ ಇರಲಿ ಎಂದು ಒಂದು ಹೆಚ್ಚಿಗೆ. ನಿಮ್ಮ ಕಂಪನಿಯ ಇಬ್ಬರು ಎರಡು ದಿನ ಇದ್ದು ಎಲ್ಲವನ್ನೂ ಕಟ್ಟಿಕೊಟ್ಟು ಹೋದರು. ಗುಡ್ಡದ ನೆತ್ತಿಯಲ್ಲಿ ಒಂದು ಕಂಬ ನಿಲ್ಲಿಸಿದ್ದಾರೆ. ಅದರಲ್ಲಿ ಫೋನಿನ ಮಾತು ಹಾಯುವುದಿಲ್ಲವಂತೆ, ಕೊರಳಪಟ್ಟಿಗಳ ಸುದ್ದಿ ಮಾತ್ರ ನಿನ್ನ ಕೋಣೆಗೆ ಬರುತ್ತದಂತೆ. ನನ್ನ ಹಸುಗಳು ದಿನಕ್ಕೆ ನೂರು ಸಲ ನಿನ್ನ ಜೊತೆ ಮಾತಾಡುತ್ತವೆ, ನಾನು ಮಾತ್ರ ಹಾಲಿನ ಲಾರಿಯವನ ಕೈಗೆ ಕಾಗದ ಕೊಟ್ಟು ವಾರಗಟ್ಟಲೆ ಕಾಯಬೇಕು. ಎರಡು ಗಂಟೆ ಇಳಿದು ರಸ್ತೆಗೆ ಹೋದರೆ ಫೋನು ಸಿಗುತ್ತದೆ, ನಿಜ. ಆದರೆ ಫೋನಿನಲ್ಲಿ ನೀನು ‘ಸರಿ ಸರಿ’ ಎಂದು ಇಟ್ಟುಬಿಡುತ್ತೀಯ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮೊದಲ ವಾರ ನೋಡಲು ಆಗಲಿಲ್ಲ. ಹಸು ಗೆರೆಯ ಹತ್ತಿರ ಹೋದರೆ ಕೊರಳಿನ ಡಬ್ಬಿಯಿಂದ ಸೀಟಿಯಂಥ ಸದ್ದು ಹೊರಡುತ್ತದೆ. ಮುಂದೆ ಹೋದಂತೆ ಸದ್ದು ಏರುತ್ತದೆ. ತಿರುಗಿದರೆ ನಿಲ್ಲುತ್ತದೆ, ತಿರುಗದಿದ್ದರೆ ಶಾಕ್. ಬಯಲಿನಲ್ಲಿ ಸುಮ್ಮನೆ ಮೇಯುತ್ತಿದ್ದ ಹಸು ಯಾರೋ ಹೊಡೆದಂತೆ ಹಿಂದಕ್ಕೆ ಹಾರುತ್ತದೆ, ಹೊಡೆದವರು ಯಾರೆಂದು ಸುತ್ತ ನೋಡುತ್ತದೆ. ಯಾರೂ ಇರುವುದಿಲ್ಲ. ಒಂದೆರಡು ಸಲ ನನ್ನನ್ನೇ ನೋಡಿದವು.

ಟೀಚರಮ್ಮ ನಿನಗೆ ನೆನಪಿರಬೇಕು, ಕಣ್ಣಿನ ಸುತ್ತ ಕನ್ನಡಕದಂತೆ ಕಪ್ಪು ಇರುವ ಮುಂದಾಳು ಹಸು. ಅವಳು ಎರಡೇ ಶಾಕಿಗೆ ಕಲಿತಳು. ಈಗ ಸೀಟಿಯ ಮೊದಲ ಎಳೆ ಕೇಳಿದರೆ ಸಾಕು, ತರಗತಿ ಮುಗಿಯಿತು ಎನ್ನುವಂತೆ ತಿರುಗುತ್ತಾಳೆ. ಗಡಿಬಿಡಿ ಅಂತ ಒಂದು ಹೊಸ ಹಸು ಇದೆ, ಮೊದಲ ಕರುವಿನದು. ಅದಕ್ಕೆ ಒಂಬತ್ತು ಬೇಕಾಯಿತು.

ಪರೀಕ್ಷೆಯ ಹುಲ್ಲುಗಾವಲಿನಲ್ಲಿ ತಂತಿ ಇರಬಾರದು ಎಂದು ನೀನು ಹೇಳಿದ್ದೆ. ಅದಕ್ಕೇ ತಂತಿಬೇಲಿ ಕಿತ್ತಿಸಿದೆ. ಹಳೆಯ ಕಲ್ಲು ಕ್ವಾರಿಯ ಬದಿಯದನ್ನೂ ಕಿತ್ತಿಸಿದೆ. ಸುರುಳಿ ಸುತ್ತಿ ಕೊಟ್ಟಿಗೆಯ ಹಿಂದೆ ಇಟ್ಟಿದ್ದೇನೆ. ಈಗ ಅಡುಗೆಕೋಣೆಯ ಕಿಟಕಿಯಿಂದ ನೋಡಿದರೆ ಹುಲ್ಲು ಕಾಣುತ್ತದೆ, ಹುಲ್ಲು ಮುಗಿದಲ್ಲಿ ಆಕಾಶ ಕಾಣುತ್ತದೆ. ನಡುವೆ ಹದಿನೈದಾಳು ಆಳದ ಗುಂಡಿ ಇದೆ ಎನ್ನುವುದು ಗೊತ್ತಿದ್ದವರಿಗೆ ಮಾತ್ರ ಗೊತ್ತು.

ಹಸುಗಳಿಗೆ ಇನ್ನೂ ಸ್ವಲ್ಪ ಹೆದರಿಕೆ ಇದೆ. ಗೆರೆ ಎಷ್ಟು ಗಟ್ಟಿ ಎಂದು ಒಂದು ಸಾಲು ಬರೆ, ಅವಕ್ಕೆ ಓದಿ ಹೇಳುತ್ತೇನೆ.

ಅಕ್ಕ


ಏಪ್ರಿಲ್ 17

ಅಕ್ಕ,

ನಿನ್ನ ಕಾಗದ ನಿನ್ನೆ ಬಂತು. ಕೊರಳಪಟ್ಟಿಯ ಬಿಗಿ ನೋಡುತ್ತಿರು, ಡಬ್ಬಿಗೂ ಚರ್ಮಕ್ಕೂ ನಡುವೆ ಎರಡು ಬೆರಳು ಹೋಗಬೇಕು. ಉಜ್ಜಿದ ಗಾಯ ಕಂಡರೆ ಬಿಚ್ಚಿಬಿಡು.

ನಾನು ಕೂರುವ ಕೋಣೆಗೆ ಕಿಟಕಿ ಇಲ್ಲ. ನಾಲ್ಕು ಮೇಜು, ಪ್ರತಿ ಮೇಜಿಗೆ ಎರಡು ಪರದೆ. ನನ್ನ ಪಾಲಿಗೆ ಹನ್ನೊಂದು ಹುಲ್ಲುಗಾವಲುಗಳು, ನಿನ್ನದು ಏಳನೆಯದು. ಪ್ರತಿ ಹಸುವೂ ಒಂದು ಹಸಿರು ಚುಕ್ಕಿ. ಹದಿನೈದು ನಿಮಿಷಕ್ಕೊಮ್ಮೆ ಚುಕ್ಕಿಗಳು ತಾವು ಎಲ್ಲಿದ್ದೇವೆ ಎಂದು ಹೇಳುತ್ತವೆ. ಅದೇ ಹೊತ್ತಿಗೆ ನಾನು ಎಳೆದ ಹೊಸ ಗೆರೆ ಅವುಗಳ ಡಬ್ಬಿಗೆ ಇಳಿಯುತ್ತದೆ. ಹಸು ಗೆರೆ ದಾಟಿದರೆ ಚುಕ್ಕಿ ಕೆಂಪಾಗುತ್ತದೆ. ನಿನ್ನ ಹಿಂಡಿನಲ್ಲಿ ಈ ವಾರ ಒಂದೂ ಕೆಂಪಾಗಿಲ್ಲ.

ಕ್ವಾರಿಯ ಕಡೆ ಗೆರೆಯನ್ನು ಅಂಚಿನಿಂದ ನಿನ್ನ ಹೆಜ್ಜೆಯಲ್ಲಿ ಮೂವತ್ತರಷ್ಟು ಒಳಗೆ ಎಳೆದಿದ್ದೇನೆ. ನಿಯಮದ ಪ್ರಕಾರ ಇಪ್ಪತ್ತು ಸಾಕಿತ್ತು. ಪರೀಕ್ಷೆ ಡಿಸೆಂಬರಿಗೆ ಮುಗಿಯುತ್ತದೆ. ಆಮೇಲೆ ಬೇಕಾದರೆ ತಂತಿ ಮತ್ತೆ ಹಾಕಿಸೋಣ.

ಗಡಿಬಿಡಿಗೆ ಒಂಬತ್ತು ಆದದ್ದು ನಮ್ಮಲ್ಲಿ ಹೆಚ್ಚೇನಲ್ಲ.

ತಮ್ಮ


ಮೇ 20

ತಮ್ಮಾ,

ಹುಲ್ಲಿನ ವಿಷಯದಲ್ಲಿ ನಿನ್ನ ಮಾತು ನಿಜವಾಯಿತು. ನೀನು ದಿನಕ್ಕೊಂದು ಪಟ್ಟೆಯಂತೆ ಗೆರೆ ಸರಿಸುತ್ತಿದ್ದೀಯ, ಮೇಯ್ದ ಜಾಗದಲ್ಲಿ ಹುಲ್ಲು ಮತ್ತೆ ಮೊಣಕಾಲಿಗೆ ಬಂದಿದೆ. ಬೆಳಿಗ್ಗೆ ಏಳಕ್ಕೆ ಹಸುಗಳೆಲ್ಲ ಗೆರೆಯ ಹತ್ತಿರ ಸಾಲಾಗಿ ನಿಂತಿರುತ್ತವೆ, ಅಂಗಡಿಯ ಬಾಗಿಲು ತೆಗೆಯುವುದನ್ನು ಕಾಯುವವರ ಹಾಗೆ. ಗೆರೆ ಸರಿದದ್ದು ಟೀಚರಮ್ಮನಿಗೆ ಹೇಗೆ ತಿಳಿಯುತ್ತದೋ, ಒಂದು ಹೆಜ್ಜೆ ಇಟ್ಟು ಕಿವಿ ನಿಮಿರಿಸಿ ಕೇಳುತ್ತಾಳೆ. ಸದ್ದಿಲ್ಲದಿದ್ದರೆ ಹೊರಡುತ್ತಾಳೆ. ಹಾಲು ಹೆಚ್ಚಾಗಿದೆ. ಲಾರಿಯವನು ನಿನ್ನನ್ನು ಹೊಗಳಿದ.

ಹಸುಗಳಿಗೆ ಗೊತ್ತಿರುವ ಗೆರೆ ನನಗೆ ಗೊತ್ತಿಲ್ಲ ಎನ್ನುವುದು ಸರಿಬರಲಿಲ್ಲ. ಹೆಚ್ಚಿಗೆ ಬಂದ ಕೊರಳಪಟ್ಟಿ, ನಲವತ್ತಮೂರನೆಯದು, ಕೊಟ್ಟಿಗೆಯ ಮೊಳೆಗೆ ನೇತಾಡುತ್ತಿತ್ತು. ಅದೂ ಎಚ್ಚರವಾಗಿಯೇ ಇದೆ. ಅದನ್ನು ಕೈಯಲ್ಲಿ ಹಿಡಿದು ಕ್ವಾರಿಯ ಕಡೆ ನಡೆದೆ. ಸೀಟಿ ಶುರುವಾದಲ್ಲಿ ನಿಂತು ಸುಣ್ಣ ಬಳಿದ ಒಂದು ಕಲ್ಲು ಇಟ್ಟೆ. ಅಂಚಿನವರೆಗೆ ಎಣಿಸಿದರೆ ಮೂವತ್ತೊಂದು ಹೆಜ್ಜೆ. ನಿನ್ನ ಮೇಲೆ ಅಭಿಮಾನ ಬಂತು.

ಮರುದಿನ ಅದೇ ಜಾಗ, ಅದೇ ಹೊತ್ತು. ಇಪ್ಪತ್ತೆರಡು ಹೆಜ್ಜೆ. ಅದರ ಮರುದಿನ ಮೂವತ್ತಾರು. ಈಗ ಅಲ್ಲಿ ಒಂಬತ್ತು ಬಿಳಿ ಕಲ್ಲುಗಳಿವೆ. ಒಂದರ ಪಕ್ಕ ಒಂದು ಇಲ್ಲ, ಯಾರೋ ಕುಡಿದು ನಡೆದ ಹಾಗಿವೆ. ಊರ ಕಡೆಯ ಗೆರೆಯನ್ನೂ ನೋಡಿದೆ. ಅಲ್ಲಿ ಎರಡು ಹೆಜ್ಜೆಗಿಂತ ಹೆಚ್ಚು ವ್ಯತ್ಯಾಸವಿಲ್ಲ.

ಕ್ವಾರಿಯ ಕಡೆ ಮಾತ್ರ ನೀನು ಗೆರೆ ಸರಿಸುತ್ತಿದ್ದೀಯಾ?

ಅಕ್ಕ


ಜೂನ್ 4

ಅಕ್ಕ,

ಕ್ವಾರಿಯ ಕಡೆಯ ಗೆರೆಯನ್ನು ನಾನು ಒಮ್ಮೆಯೂ ಸರಿಸಿಲ್ಲ.

ಕಲ್ಲು ಇಡುವುದನ್ನು ನಿಲ್ಲಿಸು. ಕೊರಳಪಟ್ಟಿ ಹಸುವಿನ ಕೊರಳಿಗಾಗಿ ಮಾಡಿದ್ದು, ಕೈಯಲ್ಲಿ ಹಿಡಿದು ಅಳೆಯಲು ಅಲ್ಲ. ಹಿಂಡು ಚೆನ್ನಾಗಿ ಕಲಿತಿದೆ. ವರದಿಯಲ್ಲಿ ನಿನ್ನ ಹುಲ್ಲುಗಾವಲಿಗೆ ಎಲ್ಲಕ್ಕಿಂತ ಒಳ್ಳೆಯ ಅಂಕ ಬಂದಿದೆ.

ಇಲ್ಲಿ ಕೆಲಸ ಜಾಸ್ತಿ. ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ.

ತಮ್ಮ


ಆಗಸ್ಟ್ 28

ತಮ್ಮಾ,

ಎರಡು ತಿಂಗಳಿಗೂ ಹೆಚ್ಚು ಕಾದೆ. ನಿನ್ನ ‘ಇನ್ನೊಮ್ಮೆ’ ಬರಲಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಆಗಸ್ಟ್ ಹತ್ತರಂದು ಸೀಟಿ ಬಂದದ್ದು ಎಂಟು ಹೆಜ್ಜೆಯಲ್ಲಿ. ಎಂಟು. ನಾನು ನಿಂತಲ್ಲಿಂದ ಗುಂಡಿಯ ತಳದ ನೀರು ಕಾಣುತ್ತಿತ್ತು. ಕಲ್ಲು ಇಡಲು ಬಗ್ಗುವುದಕ್ಕೂ ಹೆದರಿಕೆಯಾಯಿತು. ಹಸು ನಿಂತಲ್ಲಿ ತಿರುಗಲು ನಾಲ್ಕು ಹೆಜ್ಜೆ ಬೇಕು, ಹೆದರಿದ ಹಸುವಿಗೆ ಇನ್ನೂ ಹೆಚ್ಚು.

ಅವತ್ತಿನಿಂದ ಸಂಜೆ ನಾಲ್ಕರಿಂದ ಹಾಲು ಕರೆಯುವ ಹೊತ್ತಿನವರೆಗೆ ನಾನೇ ಕ್ವಾರಿಯ ಬದಿ ಅತ್ತಿಂದಿತ್ತ ನಡೆಯುತ್ತೇನೆ. ಆ ಹೊತ್ತಿಗೇ ಹಸುಗಳು ಆ ಕಡೆ ಬರುವುದು, ಅಲ್ಲಿ ಗಾಳಿ ಇರುತ್ತದೆ, ನೊಣ ಕಡಿಮೆ. ಈ ವಾರದಿಂದ ಮಂಜೂ ಇಳಿಯುತ್ತಿದೆ. ಮಂಜಿನಲ್ಲಿ ಕಲ್ಲು ಕಾಣುವುದಿಲ್ಲ, ಅದಕ್ಕೆ ನಲವತ್ತಮೂರನ್ನು ಕೈಯಲ್ಲಿ ಹಿಡಿದಿರುತ್ತೇನೆ. ಸೀಟಿ ಬಂದರೆ ಒಳಗೆ ಸರಿಯುತ್ತೇನೆ, ನಿಂತರೆ ಮುಂದೆ ನಡೆಯುತ್ತೇನೆ. ನಂಬಿಕೆ ಇಲ್ಲದ್ದನ್ನೇ ನಂಬಿ ನಡೆಯುವುದು ಹುಚ್ಚು ಎಂದು ನನಗೂ ಗೊತ್ತು. ಬೇರೆ ಏನಿದೆ ಹೇಳು.

ಲಾರಿಯವನು ಮೊನ್ನೆ ಹಾಲಿನ ಕ್ಯಾನು ಏರಿಸುತ್ತ ನಕ್ಕ. “ಬೇಲಿಯೇ ಎದ್ದು ಹೊಲ ಮೇಯ್ತು ಅನ್ನೋದ್ ಕೇಳಿದ್ದೆ ಅಕ್ಕಾ. ಬೇಲಿ ಎದ್ದು ವಾಕಿಂಗ್ ಹೋಗೋದು ಈಗ್ಲೇ ನೋಡ್ತಿರೋದು” ಎಂದ. ನಾನೂ ನಕ್ಕೆ. ಹೊರಡುವಾಗ ಅವನು ನಗಲಿಲ್ಲ. ತಂತಿ ಮತ್ತೆ ಕಟ್ಟೋಣ, ಭಾನುವಾರ ತಾನೂ ಕೈ ಹಾಕುತ್ತೇನೆ ಎಂದ. ಡಿಸೆಂಬರಿನವರೆಗೆ ಆಗುವುದಿಲ್ಲ, ತಮ್ಮನ ಮಾತು ಹೋಗುತ್ತದೆ ಎಂದೆ.

ಏಪ್ರಿಲಿನಲ್ಲಿ ಹಸುಗಳಿಗೆ ಹೆದರಿಕೆ ಎಂದು ಬರೆದಿದ್ದೆ. ಹಸುಗಳಿಗೆ ಯಾವ ಹೆದರಿಕೆಯೂ ಇರಲಿಲ್ಲ.

ಒಂದೇ ಮಾತು ಕೇಳುತ್ತೇನೆ, ಅದಕ್ಕೆ ಮಾತ್ರ ಉತ್ತರ ಬರೆ. ಬೇಲಿ ಕಿತ್ತಿಸು ಎಂದು ನನಗೆ ಹೇಳುವಾಗ ಇದು ನಿನಗೆ ಗೊತ್ತಿತ್ತಾ?

ಅಕ್ಕ


ಸೆಪ್ಟೆಂಬರ್ 9

ಅಕ್ಕ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಓದಿದ ಕೂಡಲೇ ಲಾರಿಯವನಿಗೆ ಫೋನ್ ಮಾಡಿದೆ. ಲಾರಿ ಗ್ಯಾರೇಜಿನಲ್ಲಿದೆಯಂತೆ, ಮೂರು ದಿನ ಯಾರೂ ಮೇಲೆ ಬರುವುದಿಲ್ಲವಂತೆ. ಈ ಕಾಗದವನ್ನು ಅವನ ಮನೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ನಿನ್ನ ಕೈಗೆ ಬೇಗ ಸಿಗಲಿ.

ನಲವತ್ತಮೂರನ್ನು ಹಿಡಿದು ನಡೆಯಬೇಡ. ದಯವಿಟ್ಟು ಮುಂದಿನದನ್ನು ಎರಡು ಸಲ ಓದು.

ಡಬ್ಬಿ ತಾನೆಲ್ಲಿದೆ ಎಂದು ತಿಳಿಯುವುದು ಉಪಗ್ರಹಗಳಿಂದ. ಬಯಲಿನಲ್ಲಿ ಅದು ಸರಿಯಾಗಿ ತಿಳಿಯುತ್ತದೆ. ಎತ್ತರದ ಬಂಡೆಗೋಡೆ ಇದ್ದಲ್ಲಿ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬರುತ್ತದೆ, ಡಬ್ಬಿ ಮೋಸಹೋಗುತ್ತದೆ. ತಾನು ಇರುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಹೆಜ್ಜೆ ಆಚೆಯೋ ಈಚೆಯೋ ಇದ್ದೇನೆ ಎಂದುಕೊಳ್ಳುತ್ತದೆ. ಗೆರೆ ಸರಿಯುವುದಿಲ್ಲ ಅಕ್ಕ, ಡಬ್ಬಿಗೆ ತನ್ನ ಜಾಗ ತಪ್ಪುತ್ತದೆ. ನಿನ್ನ ಕ್ವಾರಿಯ ಎದುರುಗೋಡೆ ನಿಖರವಾಗಿ ಅಂಥದ್ದು.

ಇನ್ನೊಂದು. ಹಸು ಗೆರೆ ದಾಟಿಯೇಬಿಟ್ಟರೆ ಡಬ್ಬಿ ಮೂರು ಸಲ ಶಾಕ್ ಕೊಟ್ಟು ಸುಮ್ಮನಾಗುತ್ತದೆ. ಹೋದ ಹಸುವನ್ನು ಹಿಂಸಿಸಬಾರದು ಎಂದು ಹಾಗೆ ಮಾಡಿದ್ದಾರೆ. ಆಮೇಲೆ ಅದು ಎಲ್ಲಿಗೆ ಹೋದರೂ ಸದ್ದು ಬರುವುದಿಲ್ಲ. ಸದ್ದು ನಿಂತಿತು ಎಂದರೆ ಒಳಗಿದ್ದೀ ಎಂದಲ್ಲ. ಹೊರಗೆ ಹೋಗಿ ಆಗಿದೆ ಎಂದೂ ಇರಬಹುದು. ಎರಡೂ ಒಂದೇ ಥರ ಕೇಳಿಸುತ್ತವೆ.

ಕೆಲವು ವಾರಗಳಿಂದ ನನ್ನ ಪರದೆಯ ಮೇಲೆ ಸಂಜೆ ಹೊತ್ತು ಒಂದು ಚುಕ್ಕಿ ಕ್ವಾರಿಯ ಉದ್ದಕ್ಕೂ ಹೋಗಿ ಬರುವುದನ್ನು ನೋಡುತ್ತಿದ್ದೆ. ಮೇಯುವ ಹಸು ಹಾಗೆ ನೇರವಾಗಿ ನಡೆಯುವುದಿಲ್ಲ. ಸಂಖ್ಯೆ ನೋಡಬಹುದಿತ್ತು. ನೋಡಲಿಲ್ಲ.

ಮನೆಯಲ್ಲೇ ಇರು. ಹಸು ಹೋದರೆ ಹೋಗಲಿ.

ತಮ್ಮ


ಸೆಪ್ಟೆಂಬರ್ 12

ಅಕ್ಕ,

ನಿನ್ನೆ ರಾತ್ರಿ ನಾನು ಬೇಡಿಕೊಂಡ ಮೇಲೆ ಲಾರಿಯವನು ಯಾರದೋ ಬೈಕು ತೆಗೆದುಕೊಂಡು ಮೇಲೆ ಬಂದು ನಿನ್ನನ್ನು ನೋಡಿ, ರಸ್ತೆಗೆ ಇಳಿದು ನನಗೆ ಫೋನ್ ಮಾಡಿದ. “ಇದ್ದಾರೆ” ಎಂದ. ಅಷ್ಟೇ ಮಾತು. ಹೇಗಿದ್ದಾಳೆ ಎಂದು ಕೇಳಿದ್ದಕ್ಕೆ ಅವನು ಫೋನು ಇಟ್ಟುಬಿಟ್ಟ. ನಿನ್ನೆ ಏನಾಯಿತು ಎನ್ನುವುದನ್ನು ನೀನು ಅನುಭವಿಸಿದ್ದೀಯ. ಏಕಾಯಿತು ಎಂದು ನಾನು ಬರೆಯಬೇಕು.

ಸಂಜೆ ಐದಕ್ಕೆ ಪರದೆ ಹೊಸದಾಯಿತು. ನಲವತ್ತಮೂರು ಗೆರೆಯ ಒಳಬದಿಯಲ್ಲೇ, ಅಂಚಿನಿಂದ ಮೂವತ್ತೆರಡು ಹೆಜ್ಜೆ ದೂರದಲ್ಲಿ ತೋರುತ್ತಿತ್ತು. ಒಂದು ಹಸು ಕೆಂಪಾಗಿ ಗುಂಡಿಯ ನಟ್ಟನಡುವೆ, ಬರಿ ಗಾಳಿಯಲ್ಲಿ ನಿಂತಂತೆ ತೋರುತ್ತಿತ್ತು. ಬಿದ್ದಿದೆಯೋ, ಡಬ್ಬಿಗೆ ಜಾಗ ತಪ್ಪಿದೆಯೋ ಗೊತ್ತಾಗಲಿಲ್ಲ. ನಿನ್ನ ಕೈಯ ಡಬ್ಬಿಗೂ ಹಾಗೆಯೇ ಜಾಗ ತಪ್ಪಿದ್ದರೆ, ಸೀಟಿ ಬಾರದೆಯೇ ನೀನು ನಿಜವಾಗಿ ಅಂಚಿನ ಹತ್ತಿರ ಇರಬಹುದು. ಆಗ ನಾನು ಗೆರೆಯನ್ನು ಎಂಬತ್ತು ಹೆಜ್ಜೆ ಒಳಗೆ ಎಳೆದುಬಿಟ್ಟೆ. ನಿನ್ನ ಕೈಯಲ್ಲಿ ಸೀಟಿ ಬೇಗ ಬರಲಿ, ನೀನು ದೂರ ಸರಿಯಲಿ ಎಂದು. ಅಷ್ಟೇ ಯೋಚಿಸಿದ್ದು.

ನಮ್ಮ ಕೆಲಸದಲ್ಲಿ ಮೊದಲ ದಿನ ಕಲಿಸುವ ಒಂದು ನಿಯಮವಿದೆ, ಹಸುವಿನ ಮೈಮೇಲೆ ಗೆರೆ ಹಾಯಿಸಬಾರದು. ಹಸು ಗೆರೆಯತ್ತ ನಡೆದು ಬಂದು ಸೀಟಿ ಕೇಳಿದರೆ, ಹಿಂದೆ ತಿರುಗಬೇಕು ಎಂದು ಅದಕ್ಕೆ ಗೊತ್ತು. ನಿಂತಲ್ಲೇ ಗೆರೆ ಮೈಮೇಲೆ ಹಾದು ಸೀಟಿ ಕೂಗಿದರೆ ಯಾವ ಕಡೆ ತಿರುಗಬೇಕು ಎಂದು ಅದಕ್ಕೆ ಗೊತ್ತಿಲ್ಲ. ನಾನು ಎಳೆದ ಹೊಸ ಗೆರೆಗೂ ಗುಂಡಿಗೂ ನಡುವೆ ಏಳು ಹಸುಗಳಿದ್ದವು. ನೀನೂ ಇದ್ದೆ. ಐದೂಕಾಲಿಗೆ ಗೆರೆ ಇಳಿದ ಮೇಲಷ್ಟೇ ನನಗೆ ಇದು ಹೊಳೆಯಿತು. ಅಳಿಸಿದೆ. ಅಳಿಸಿದ್ದು ನಿಮಗೆ ತಲುಪಲು ಇನ್ನೊಂದು ಹದಿನೈದು ನಿಮಿಷ ಬೇಕಿತ್ತು.

ಐದೂಕಾಲಿಗೆ ಎಂಟು ಚುಕ್ಕಿಗಳೂ ಕೆಂಪಾದವು. ಗುಂಡಿಯ ನಡುವೆ ತೋರಿದ್ದ ಹಸು ಆಗ ಹುಲ್ಲಿನ ಮೇಲೆ ತೋರಿತು, ಅದರ ಡಬ್ಬಿಗೆ ಜಾಗ ತಪ್ಪಿತ್ತು, ಅಷ್ಟೇ. ಐದೂವರೆಗೆ ಎರಡು ಹಸುಗಳ ಚುಕ್ಕಿ ಇರಲೇ ಇಲ್ಲ. ನಲವತ್ತಮೂರು ಅಂಚಿನ ಮೇಲೆಯೇ ಇತ್ತು. ಐದೂಮುಕ್ಕಾಲಿಗೂ ಅಲ್ಲೇ. ಆರಕ್ಕೂ ಅಲ್ಲೇ. ಆರೂಕಾಲಿಗೂ ಕದಲಲಿಲ್ಲ. ಪಕ್ಕದ ಮೇಜಿನವನು ಕೋಟು ಹಾಕಿಕೊಂಡು, ನಾಳೆ ಸಿಗೋಣ ಎಂದು ಹೋದ. ನಾನು ಆಯಿತು ಎಂದೆ.

ನಿನ್ನ ಪ್ರಶ್ನೆಗೆ ಉತ್ತರ. ಗೊತ್ತಿತ್ತು. ಮಾರ್ಚಿನಲ್ಲೇ ಗೊತ್ತಿತ್ತು. ಬಂಡೆಯ ಪಕ್ಕದ ಬೇರೊಂದು ಹುಲ್ಲುಗಾವಲಿನ ಲೆಕ್ಕ ನೋಡುವಾಗ ತಿಳಿಯಿತು. ಪರೀಕ್ಷೆ ಮುಗಿಯುವವರೆಗೆ ಹೊರಗೆ ಹೇಳಬಾರದು ಎಂದರು. ನಿಯಮಕ್ಕಿಂತ ಹತ್ತು ಹೆಜ್ಜೆ ಹೆಚ್ಚಿಗೆ ಬಿಟ್ಟು ಎಳೆದರೆ ಸಾಕಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಎನ್ನುತ್ತಾರಲ್ಲ. ನಾನು ಕಂಡೆ, ಬಿದ್ದದ್ದು ನಿನ್ನ ಹಸುಗಳು.

ತಮ್ಮ


ಸೆಪ್ಟೆಂಬರ್ 24

ತಮ್ಮಾ,

ನಿನ್ನ ಒಂಬತ್ತನೆಯ ತಾರೀಖಿನ ಕಾಗದ ಹದಿಮೂರಕ್ಕೆ ಸಿಕ್ಕಿತು. ಹನ್ನೆರಡರದು ಹತ್ತೊಂಬತ್ತಕ್ಕೆ. ಬರೆಯಲು ಕೂತು ಎರಡು ಹಾಳೆ ಹರಿದೆ. ಇದು ಮೂರನೆಯದು.

ಗಡಿಬಿಡಿ ಹೋಯಿತು. ಬಿಳಿಕಿವಿಯೂ ಹೋಯಿತು, ಅದರ ಕರು ಕೊಟ್ಟಿಗೆಯಲ್ಲಿದೆ. ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದೇನೆ.

ಮಂಜು ಎಷ್ಟಿತ್ತೆಂದರೆ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಹಸುಗಳು ನನ್ನ ಎಡಕ್ಕೆ, ಒಳಗಡೆ ಮೇಯುತ್ತಿದ್ದವು, ಉಸಿರು ಕೇಳುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಕೈಯಲ್ಲಿ, ಅವುಗಳ ಕೊರಳಲ್ಲಿ, ಎಲ್ಲ ಕಡೆ ಒಟ್ಟಿಗೆ ಸೀಟಿ ಶುರುವಾಯಿತು. ಸೀಟಿ ಬಂದರೆ ಒಳಗೆ ಸರಿಯಬೇಕು ಎಂದು ನಾನು ಕಲಿತಿದ್ದೆ. ಒಳಗೆ ಸರಿದೆ, ನಿಲ್ಲಲಿಲ್ಲ. ಒಳಗೆ ಎಂದುಕೊಂಡದ್ದೇ ಹೊರಗೇನೋ ಎಂದು ತಿರುಗಿದೆ. ಅಷ್ಟರಲ್ಲಿ ಯಾವುದೋ ಹಸು ಓಡಿಬಂದು ಭುಜಕ್ಕೆ ಬಡಿಯಿತು, ಬಿದ್ದೆ. ಏಳುವಾಗ ಡಬ್ಬಿಯನ್ನೇ ಹಿಡಿದುಬಿಟ್ಟೆ. ಶಾಕ್ ಹೊಡೆಯಿತು. ಬಿಡಬೇಕು ಎಂದು ಹೊಳೆಯಲಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದೆ. ಮೂರು ಸಲ ಹೊಡೆಯಿತು. ಆಮೇಲೆ ಸದ್ದು ನಿಂತಿತು.

ಅಬ್ಬಾ, ಒಳಗೆ ಬಂದೆ ಎಂದುಕೊಂಡೆ. ಆ ಸಮಾಧಾನ ಎಷ್ಟಿತ್ತೆಂದು ನಿನಗೆ ಹೇಳಲಾರೆ. ಸದ್ದಿಲ್ಲದ ಕಡೆಗೆ ಧೈರ್ಯವಾಗಿ ನಡೆದೆ.

ಕಾಲಿಗೆ ಜಲ್ಲಿ ಸಿಕ್ಕಿತು. ನಮ್ಮ ಹುಲ್ಲುಗಾವಲಿನಲ್ಲಿ ಜಲ್ಲಿ ಇರುವುದು ಒಂದೇ ಕಡೆ. ನಿಂತಲ್ಲೇ ಕೂತೆ. ಕೈಗೆ ಸಿಕ್ಕ ಒಂದು ಕಲ್ಲನ್ನು ಮುಂದಕ್ಕೆ ಎಸೆದೆ. ನೆಲಕ್ಕೆ ಬಿದ್ದ ಸದ್ದು ಬರಲಿಲ್ಲ. ಆಮೇಲೆ ಕೆಳಗಿನಿಂದ ಬಂತು.

ಆಗಲೇ ಗಡಿಬಿಡಿಯ ಕೂಗೂ ಕೆಳಗಿನಿಂದ ಬರುತ್ತಿತ್ತು. ಅದನ್ನು ಬರೆಯುವುದಿಲ್ಲ.

ಕೊರಳಪಟ್ಟಿಯನ್ನು ಅಲ್ಲೇ ಬಿಟ್ಟೆ. ನೀನು ನೋಡುತ್ತಿದ್ದದ್ದು ಅದನ್ನು, ನನ್ನನ್ನಲ್ಲ. ಕೈಕಾಲೂರಿ ಹಿಂದಕ್ಕೆ ತೆವಳಿದೆ, ಪ್ರತಿ ಸಲವೂ ಅಂಗೈಯಿಂದ ನೆಲ ತಡವಿ, ಹುಲ್ಲು ಇದ್ದರೆ ಮಾತ್ರ ಮುಂದೆ. ಎಲ್ಲೋ ದೂರದಲ್ಲಿ ಟೀಚರಮ್ಮ ಅಂಬಾ ಎನ್ನುತ್ತಿದ್ದಳು. ಹಾಲು ಕರೆಯುವ ಹೊತ್ತು ಮೀರಿತ್ತಲ್ಲ, ಅದಕ್ಕೆ. ನನ್ನನ್ನು ಕಾಪಾಡಲು ಕೂಗಿದಳು ಎಂದು ಲಾರಿಯವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ. ಅವಳಿಗೆ ಕೆಚ್ಚಲು ನೋಯುತ್ತಿತ್ತು, ಅಷ್ಟೇ. ನಾನು ಆ ದನಿಯ ಕಡೆಗೆ ತೆವಳಿ, ಅವಳ ಬಾಲ ಹಿಡಿದು ಕೊಟ್ಟಿಗೆ ಸೇರಿದೆ.

ಮರುದಿನವೇ ನಾನೂ ಲಾರಿಯವನೂ ಸೇರಿ ತಂತಿ ಕಟ್ಟಿದೆವು. ಹಸುಗಳ ಕೊರಳಪಟ್ಟಿ ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದೇನೆ. ಆ ಏಳರಲ್ಲಿ ಉಳಿದ ಐದು ಹಸುಗಳು ಕೊಟ್ಟಿಗೆಯಿಂದ ಹೊರಗೆ ಬರುತ್ತಿಲ್ಲ. ಬಾಗಿಲಲ್ಲಿ ಮುಂಗಾಲಿಟ್ಟು ಕಿವಿ ನಿಮಿರಿಸಿ ನಿಂತುಬಿಡುತ್ತವೆ. ಏನೂ ಕೇಳಿಸುವುದಿಲ್ಲ, ಅದಕ್ಕೇ ಹೆದರುತ್ತವೆ. ಹುಲ್ಲು ಕೊಯ್ದು ಒಳಗೇ ಹಾಕುತ್ತಿದ್ದೇನೆ.

ಗೊತ್ತಿತ್ತು ಎಂದು ಬರೆದೆಯಲ್ಲ, ಅದನ್ನು ಓದಿದೆ. ಆ ವಿಷಯಕ್ಕೆ ಇನ್ನೊಂದು ದಿನ ಬರುತ್ತೇನೆ, ಈಗ ಬಂದರೆ ಈ ಹಾಳೆಯನ್ನೂ ಹರಿಯಬೇಕಾಗುತ್ತದೆ.

ಈಗ ಇಷ್ಟು ಹೇಳು. ಹನ್ನೊಂದು ಹುಲ್ಲುಗಾವಲು ಎಂದಿದ್ದೆ. ಬಂಡೆಯೋ ಗುಂಡಿಯೋ ಪಕ್ಕದಲ್ಲಿ ಇಟ್ಟುಕೊಂಡು ನನ್ನ ಹಾಗೆ ಬೇಲಿ ಕಿತ್ತವರು ಇನ್ನೆಷ್ಟು ಜನ?

ಅಕ್ಕ


ಅಕ್ಟೋಬರ್ 11

ಅಕ್ಕ,

ನಾಲ್ಕು. ನನ್ನ ಪಾಲಿನದರಲ್ಲಿ ನಾಲ್ಕು. ಉಳಿದ ಮೂರು ಮೇಜಿನವರದು ನನಗೆ ಗೊತ್ತಿಲ್ಲ.

ನಮ್ಮ ಕೋಣೆಯ ಮೇಲಧಿಕಾರಿ ಮೇಡಂ ಕರೆದು ಒಂದು ಕಾಗದ ಮುಂದಿಟ್ಟರು. ಗ್ರಾಹಕರು ಸೂಚನೆ ಮೀರಿ ಕೊರಳಪಟ್ಟಿಯನ್ನು ಕೈಯಲ್ಲಿ ಹಿಡಿದು ಓಡಾಡಿದ್ದರಿಂದ ಹಿಂಡು ಬೆದರಿತು ಎಂದು ಅದರಲ್ಲಿತ್ತು. ಸಹಿ ಹಾಕಲು ಜಾಗ ಬಿಟ್ಟಿದ್ದರು.

“ಅವರು ಹಿಡ್ಕೊಂಡು ಓಡಾಡಿದ್ದು ಸುಳ್ಳಾ?” ಎಂದು ಕೇಳಿದರು.

“ಸುಳ್ಳಲ್ಲ ಮೇಡಂ. ಗೆರೆ ಸರಿಸಿದ್ದು ಯಾರು ಅಂತ ಇದರಲ್ಲಿಲ್ಲ.”

“ಯಾರೂ ಕೇಳಿಲ್ವಲ್ರೀ. ಕೇಳದೇ ಇರೋದಕ್ಕೆ ಉತ್ತರ ಯಾಕೆ ಬರೀತೀರಿ?”

ಅವರು ಕೆಟ್ಟವರಲ್ಲ. ನನ್ನ ಕೆಲಸ ಉಳಿಸಲು ನೋಡುತ್ತಿದ್ದರು. ನಾನು ಆ ಕಾಗದದ ಹಿಂಬದಿಯಲ್ಲಿ ನಡೆದದ್ದನ್ನು ನಿಮಿಷಗಳ ಸಮೇತ ಬರೆದು ಸಹಿ ಹಾಕಿದೆ. ಉಳಿದ ನಾಲ್ಕು ಹುಲ್ಲುಗಾವಲುಗಳ ಹೆಸರನ್ನೂ ಬರೆದೆ. ಅವರು ಓದಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಡಿಸೆಂಬರಿನ ನಂತರ ಪರಿಶೀಲಿಸುತ್ತಾರಂತೆ.

ಪರದೆಯ ಮುಂದಿನಿಂದ ನನ್ನನ್ನು ಎಬ್ಬಿಸಿದ್ದಾರೆ. ಈಗ ಕೆಳಮಹಡಿಯ ಪ್ಯಾಕಿಂಗ್ ಕೋಣೆಯಲ್ಲಿದ್ದೇನೆ. ಕೊರಳಪಟ್ಟಿಗಳನ್ನು ಹತ್ತತ್ತು ಕಟ್ಟಿ ಪೆಟ್ಟಿಗೆಗೆ ಹಾಕಿ ಟೇಪು ಸುತ್ತುತ್ತೇನೆ, ಮೇಲೆ ವಿಳಾಸದ ಚೀಟಿ ಅಂಟಿಸುತ್ತೇನೆ. ಹೊಸಬರಿಗೂ, ಕೆಟ್ಟದ್ದಕ್ಕೆ ಬದಲಿ ಕೇಳುವ ಹಳಬರಿಗೂ ಪೆಟ್ಟಿಗೆ ಇಲ್ಲಿಂದಲೇ ಹೋಗುತ್ತದೆ. ತಿಂಗಳ ಕೊನೆಯವರೆಗೆ ಇರುತ್ತೇನೆ, ಆಮೇಲೆ ಗೊತ್ತಿಲ್ಲ. ಆ ನಾಲ್ವರ ಫೋನ್ ನಂಬರುಗಳು ಮೇಲಿನ ಪರದೆಯಲ್ಲೇ ಉಳಿದವು. ಅವರಲ್ಲಿ ಒಬ್ಬರ ಹಿಂಡಿನಲ್ಲಿ ಅರವತ್ತು ಕರುಗಳಿವೆ. ಮೇಲೆ ಈಗ ಯಾರು ನೋಡುತ್ತಿದ್ದಾರೋ, ಅವರಿಗೆ ಏನು ಕಾಣುತ್ತಿದೆಯೋ. ಮೆಟ್ಟಿಲ ಮೇಲೆ ಯಾರಾದರೂ ಓಡಿದ ಸದ್ದಾದರೆ ಕೈಯಲ್ಲಿದ್ದ ಟೇಪು ಹಾಗೇ ನಿಲ್ಲುತ್ತದೆ.

ತಮ್ಮ


ಅಕ್ಟೋಬರ್ 19

ತಮ್ಮಾ,

ಇದನ್ನು ಲಾರಿಯ ಬಾನೆಟ್ಟಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅವನು ಹೊರಡುವ ಆತುರದಲ್ಲಿದ್ದಾನೆ.

ವಿಳಾಸದ ಚೀಟಿ ಅಂಟಿಸುವವನು ನೀನೇ ಎಂದ ಮೇಲೆ ಯೋಚಿಸಲು ಏನಿದೆ. ಆ ನಾಲ್ವರಿಗೆ ಮಾತ್ರ ಅಲ್ಲ, ನಿನ್ನ ಕೈಯಿಂದ ಹೋಗುವ ಪ್ರತಿ ಪೆಟ್ಟಿಗೆಯ ಒಳಗೆ, ಎಲ್ಲಕ್ಕಿಂತ ಮೇಲೆ, ನಿನ್ನ ಕೈಬರಹದಲ್ಲಿ ಒಂದು ಕಾಗದ ಇಡು. ಅಚ್ಚು ಹಾಕಿದ್ದನ್ನು ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ. ನೀನು ಎಷ್ಟು ದಿನ ಅಲ್ಲಿರುತ್ತೀಯೋ ತಿಳಿಯದು, ಉತ್ತರ ನನಗೆ ಬರಲಿ.

ಕೈಬರಹ ಬಿಡಿಸಿ ಬರೆ. ನಿನ್ನದು ಕಾಗೆ ಕಾಲು.

ಅಕ್ಕ


ಅಕ್ಟೋಬರ್ 27

ಪೆಟ್ಟಿಗೆ ತೆರೆದವರಿಗೆ,

ಕೊರಳಪಟ್ಟಿಗಳನ್ನು ಹೊರಗೆ ತೆಗೆಯುವ ಮೊದಲು ಇದನ್ನು ಓದಿ. ಕಂಪನಿ ಇದನ್ನು ಕಳಿಸುತ್ತಿಲ್ಲ. ನಾನು ಕಳೆದ ತಿಂಗಳವರೆಗೆ ಇಂಥ ಹುಲ್ಲುಗಾವಲುಗಳಿಗೆ ಗೆರೆ ಎಳೆಯುತ್ತಿದ್ದವನು, ಈಗ ಪೆಟ್ಟಿಗೆ ಕಟ್ಟುವವನು.

ನಿಮ್ಮ ಹಸುಗಳು ಇದನ್ನು ಬೇಗ ಕಲಿಯುತ್ತವೆ. ಹುಲ್ಲು ಚೆನ್ನಾಗಿ ಬರುತ್ತದೆ. ಅದರಲ್ಲಿ ಸುಳ್ಳಿಲ್ಲ. ಆದರೆ ನಿಮ್ಮ ಜಾಗದ ಪಕ್ಕದಲ್ಲಿ ಕ್ವಾರಿಯೋ, ಕಡಿದಾದ ಬಂಡೆಯೋ, ಆಳವಾದ ಕಣಿವೆಯೋ ಇದ್ದರೆ ಆ ಕಡೆ ಡಬ್ಬಿ ತಾನಿರುವ ಜಾಗವನ್ನು ಇಪ್ಪತ್ತೈದು ಹೆಜ್ಜೆಯಷ್ಟು ತಪ್ಪಾಗಿ ತಿಳಿಯುತ್ತದೆ. ಯಾವ ದಿನ ತಪ್ಪುತ್ತದೆ ಎಂದು ಹೇಳಲು ಬರುವುದಿಲ್ಲ. ಆ ಬದಿಯ ಬೇಲಿ ಇನ್ನೂ ಇದ್ದರೆ ಕೀಳಬೇಡಿ. ಯಾರು ಹೇಳಿದರೂ ಕೀಳಬೇಡಿ, ನಿಮ್ಮವರೇ ಹೇಳಿದರೂ. ಕಿತ್ತಿದ್ದರೆ ಇವತ್ತೇ ಹಾಕಿಸಿ.

ಗೆರೆ ಎಲ್ಲಿದೆ ಎಂದು ತಿಳಿಯಲು ಕೊರಳಪಟ್ಟಿಯನ್ನು ಕೈಯಲ್ಲಿ ಹಿಡಿದು ನಡೆಯಬೇಡಿ. ನಿಮಗೂ ಹಾಗೆ ಮಾಡಬೇಕು ಅನಿಸುತ್ತದೆ, ಜಾಣರಿಗೆ ಅನಿಸಿಯೇ ತೀರುತ್ತದೆ. ಸದ್ದು ನಿಂತರೆ ನೀವು ಒಳಗಿದ್ದೀರಿ ಎಂದು ತಿಳಿಯಬೇಡಿ.

ನನ್ನ ಅಕ್ಕ ಹಾಗೆ ನಡೆದಳು. ಗೆರೆ ಎಳೆದವನು ನಾನು. ಅವಳು ಬದುಕಿದ್ದಾಳೆ, ಅವಳ ಎರಡು ಹಸುಗಳು ಇಲ್ಲ. ಈ ಚೀಟಿ ಬರೆಯಲು ಹೇಳಿದ್ದು ಅವಳೇ.

ಓದಿದೆವು ಎಂದು ಒಂದು ಸಾಲು ಬರೆಯಿರಿ. ಕೆಳಗಿರುವುದು ಅವಳ ವಿಳಾಸ. ಅಲ್ಲಿಗೆ ಅಂಚೆ ತಡವಾಗಿ ಹೋಗುತ್ತದೆ, ಅವಳ ಉತ್ತರ ಇನ್ನೂ ತಡವಾಗಿ ಬರುತ್ತದೆ. ನಿಮ್ಮ ಸಾಲು ಬರುವವರೆಗೆ ಅವಳು ನಿಮ್ಮನ್ನು ಅಂಚಿನ ಮೇಲೆ ನಿಂತವರು ಎಂದೇ ತಿಳಿದು ಕಾಯುತ್ತಿರುತ್ತಾಳೆ.

ನಾನೂ ಕಾಯುತ್ತಿರುತ್ತೇನೆ.

ಪೆಟ್ಟಿಗೆ ಕಟ್ಟಿದವನು